ಕಪ್ಪು ಕಡಜದ ಲೇಬಲ್

ಶೈಲಜಾ, ಆ ಲೇಬಲ್ ಅದಲುಬದಲು ಮಾಡಿದ್ದು ನಾನು. ಇಷ್ಟು ವರ್ಷ ನೀನು ಅದು ನಿನ್ನದೇ ಕೈತಪ್ಪು ಎಂದು ನಂಬಿಕೊಂಡು ಬಂದೆ — ಹಾಗೆ ನಂಬಿಸಿದವನು ನಿನ್ನ ಪಿಎಚ್.ಡಿ. ಗೈಡ್, ನಾನೇ.

ಜೇಡಗಳನ್ನು ತಿಂದು ಬೆಳೆಯುವ ಕಡಜದ ಹುಳುಗಳನ್ನು ವಿಂಗಡಿಸಿ ಹೆಸರಿಡುವುದು ನಮ್ಮ ಕೆಲಸ. ಕಡಜ ಜೇಡದ ಬೆನ್ನಿಗೆ ಒಂದು ಮೊಟ್ಟೆ ಅಂಟಿಸಿ ಹೋಗುತ್ತದೆ. ಮರಿ ಅಲ್ಲೇ ಕೂತು ಮೈರಸ ಹೀರುತ್ತದೆ. ಜೇಡ ಏನೂ ಆಗಿಲ್ಲವೆಂಬಂತೆ ಬಲೆ ನೇಯುತ್ತಲೇ ಇರುತ್ತದೆ, ಸಾಯುವ ದಿನದವರೆಗೂ. ನೀನು ಅದನ್ನು ನೋಡಲಾರದೆ ಮುಖ ತಿರುಗಿಸುತ್ತಿದ್ದೆ. ನನಗೆ ಏನೂ ಅನಿಸುತ್ತಿರಲಿಲ್ಲ.

ಜೆಪ್ಪುವಿನ ನಿಮ್ಮ ಮನೆಯ ಹಿಂದೆ, ಸೊಳ್ಳೆಪರದೆ ಹೊದೆಸಿದ ಪೆಟ್ಟಿಗೆಯಲ್ಲಿ ನೀನು ಒಂದೇ ಒಂದು ತಾಯಿಕಡಜವನ್ನು ಜೇಡಗಳ ಜೊತೆ ಬಿಟ್ಟಿದ್ದೆ. ಹುಟ್ಟಿದ ಹೆಣ್ಣುಗಳೆಲ್ಲ ಕೆಂಪು, ಗಂಡುಗಳೆಲ್ಲ ಕಪ್ಪು. ಅಂಥ ಕಪ್ಪು ಗಂಡನ್ನೇ ನಾನು ಅದಕ್ಕೂ ಮೊದಲು ಹೊಸ ಪ್ರಭೇದವೆಂದು ಸಾರಿ, ಸನ್ಮಾನದ ಶಾಲು ಹೊದ್ದು ಬಂದಿದ್ದೆ!

"ಸಾರ್, ಇದು ಬೇರೆ ಅಲ್ಲ, ಕೆಂಪಿನದ್ದೇ ಗಂಡು. ಒಂದೇ ತಾಯಿದು ಸಾರ್," ಎಂದು ನೀನು ಓಡಿಬಂದೆ. ನಾನೂ ಖುಷಿಪಡುತ್ತೇನೆ ಎಂದುಕೊಂಡಿದ್ದೆಯಲ್ಲ —

ಸೂಜಿಗೆ ಚುಚ್ಚಿದ ಕಡಜದ ಕೆಳಗೆ, ಅದು ಯಾವ ಪೆಟ್ಟಿಗೆಯದೆಂದು ಹೇಳುವ ಲೇಬಲ್ ಇರುತ್ತದೆ. ಅದು ತಪ್ಪಾದರೆ ಕೀಟ ಬರೀ ಕಸ. ನೀನು ಊಟಕ್ಕೆ ಹೋದಾಗ, ನಾನು ನಿನ್ನ ಕಪ್ಪು ಕಡಜದ ಲೇಬಲನ್ನು ಸಂಬಂಧವೇ ಇಲ್ಲದ ಇನ್ನೊಂದು ದಪ್ಪ ಕಡಜಕ್ಕೆ ಸಿಕ್ಕಿಸಿದೆ, ಅದರದ್ದನ್ನು ಇದಕ್ಕೆ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಎನ್ನುತ್ತಾರೆ. ನನ್ನದು ತಣ್ಣಗಿತ್ತು.

ಮರುದಿನ ನಿನ್ನ ಕೆಲಸ ನೋಡಲು ಬಂದ ಪರೀಕ್ಷಕರ ಎದುರು ನಾನೇ ಕೇಳಿದೆ: "ಇದೆಂತ ಶೈಲಜಾ? ಈ ದಪ್ಪದ್ದೂ ಅದೇ ತಾಯಿದಾ? ಒಂದು ಲೇಬಲ್ ತಪ್ಪಿದ್ರೆ ಉಳಿದದ್ದನ್ನು ನಂಬುವುದು ಹೇಗೆ?"

ನೀನು ನಿನ್ನ ಬೆರಳುಗಳನ್ನೇ ನೋಡುತ್ತಾ ನಿಂತೆ. ತಿಂಗಳೊಳಗೆ ಪಿಎಚ್.ಡಿ. ಬಿಟ್ಟೆ. ನಾನು ತಡೆಯಲಿಲ್ಲ.

ಹೋದ ವಾರ ಫಳ್ನೀರಿನ ಲ್ಯಾಬಿಗೆ ರಕ್ತಪರೀಕ್ಷೆಗೆ ಬಂದರೆ, ಅಲ್ಲಿ ಕೆಲಸಕ್ಕಿದ್ದವಳು ನೀನು. ನನ್ನ ರಕ್ತದ ಟ್ಯೂಬಿನ ಮೇಲಿನ ಹೆಸರನ್ನು ಎರಡು ಸಲ ಓದಿದೆ. ಸಾಲದೆಂದು ಪಕ್ಕದ ಹುಡುಗಿಯನ್ನು ಕರೆದು ಓದಿಸಿದೆ. "ನನಗೆ ನನ್ನ ಮೇಲೇ ಧೈರ್ಯ ಇಲ್ಲ ಸಾರ್. ನಿಮಗೆ ಗೊತ್ತುಂಟಲ್ಲ," ಎಂದು ನಕ್ಕೆ. ನಾನೂ ನಕ್ಕೆ, ರಸೀದಿ ಮಡಚಿಕೊಂಡು ಹೊರಬಂದೆ.

ನನ್ನ ಪ್ರಭೇದ ಸುಳ್ಳೆಂದೂ, ಆ ಸುಳ್ಳನ್ನು ಕಂಡುಹಿಡಿದವಳು ನೀನೆಂದೂ ಅದನ್ನು ಪ್ರಕಟಿಸಿದ್ದ ವಿಜ್ಞಾನ ಪತ್ರಿಕೆಗೆ ಬರೆದು ಕಳಿಸಿದ್ದೇನೆ. ಅದರಿಂದ ನಿನ್ನ ಕೈಗೆ ಧೈರ್ಯ ಬರುತ್ತದೆಯೇ — ಗೊತ್ತಿಲ್ಲ. ಕ್ಷಮೆ ಕೇಳುವ ಮುಖ ನನಗಿಲ್ಲ. ನಾಳೆ ನಿನ್ನ ಲ್ಯಾಬಿಗೆ ಬಂದು, ಆ ಪಕ್ಕದ ಹುಡುಗಿಯ ಎದುರೇ ಈ ಪತ್ರವನ್ನು ಗಟ್ಟಿಯಾಗಿ ಓದುತ್ತೇನೆ.