ನಾರುಹುಣ್ಣಿನ ಚಿತ್ರಕ್ಕೆ ಕುಂಕುಮ ಹಚ್ಚಿದ ಊರು

೧೯೩೯ರಲ್ಲಿ ನಾನು ಮುಂಬಯಿ ಸರಕಾರದ ಆರೋಗ್ಯ ಖಾತೆಯಲ್ಲಿ ಪೋಸ್ಟರ್ ಆರ್ಟಿಸ್ಟ್ ಆಗಿದ್ದೆ. ಹಾನಗಲ್ಲ, ಶಿಗ್ಗಾಂವ, ಹಿರೇಕೆರೂರ ಕಡೆಯ ಹಳ್ಳಿಗಳು ನನ್ನ ಪಾಲಿಗೆ ಬಂದಿದ್ದವು. ನಡುವಿನ ಸವಣೂರು ನವಾಬರ ಸಂಸ್ಥಾನವಾದ್ದರಿಂದ ಅಲ್ಲಿ ನಮಗೆ ಕೆಲಸವಿರಲಿಲ್ಲ. ಪ್ಲೇಗಿಗೆ ಇಲಿ, ಮಲೇರಿಯಾಕ್ಕೆ ಸೊಳ್ಳೆ, ಹೀಗೆ ಡಾಕ್ಟರು ಹೇಳಿದ್ದನ್ನು ಓದು ಬಾರದವರಿಗೂ ತಿಳಿಯುವಂತೆ ಚಿತ್ರ ಬರೆದು ಗೋಡೆಗೆ ಹಚ್ಚುವುದು ನನ್ನ ಉದ್ಯೋಗ. ಮುಂಬಯಿಯಲ್ಲಿ ನಾಲ್ಕು ವರ್ಷ ಚಿತ್ರಕಲೆ ಕಲಿತು ಬಂದವನು ನಾನು. ಚಿತ್ರಕ್ಕೆ ಭಾಷೆಯ ಹಂಗಿಲ್ಲ, ಕಣ್ಣಿದ್ದವರಿಗೆಲ್ಲ ಅದು ತಾನಾಗಿ ತಿಳಿಯುತ್ತದೆ ಎಂದು ನಂಬಿದ್ದೆ.

ಆ ವರ್ಷದ ಬೇಸಿಗೆಯಲ್ಲಿ ಶಿಗ್ಗಾಂವದಿಂದ ಹುಲಗೂರಿನ ದಿಕ್ಕಿಗಿದ್ದ ಒಂದು ಸಣ್ಣ ಊರಿಗೆ ನಮ್ಮ ಡಾಕ್ಟರ್ ಸಾಹೇಬರ ಜೊತೆ ಹೋದೆ. ಊರ ತುಂಬ ನಾರುಹುಣ್ಣು. ಈಗಿನವರು ಈ ರೋಗ ಕಂಡಿಲ್ಲ. ಕಾಲಿನಲ್ಲಿ ಬೊಕ್ಕೆ ಎದ್ದು ಒಡೆದು, ಒಳಗಿನಿಂದ ಬಿಳಿ ದಾರದಂಥ ಹುಳು ಹೊರಗೆ ಬರುತ್ತದೆ. ಅವಸರದಿಂದ ಎಳೆದರೆ ಹರಿದು ಕಾಲು ಕೀವಾಗುತ್ತದೆ. ಕಡ್ಡಿಗೆ ಸುತ್ತುತ್ತ ದಿನಕ್ಕೆ ಒಂದೆರಡು ಬೆರಳಿನಷ್ಟೇ ತೆಗೆಯಬೇಕು. ಹುಣ್ಣಿನ ಕಾಲನ್ನು ಬಾವಿಯ ನೀರಿಗಿಟ್ಟರೆ ಹುಳು ಅಲ್ಲಿ ಮರಿ ಬಿಡುತ್ತದೆ. ಸೈಕ್ಲೋಪ್ಸ್ ಎಂಬ ಅತಿ ಸಣ್ಣ ನೀರ್ಹುಳು ಆ ಮರಿಗಳನ್ನು ನುಂಗುತ್ತದೆ. ಆ ನೀರು ಕುಡಿದವನಿಗೆ ಸುಮಾರು ವರ್ಷದ ಮೇಲೆ ಹುಣ್ಣು ಏಳುತ್ತದೆ. ಔಷಧವಿಲ್ಲ. ಬಾವಿಯ ಮೆಟ್ಟಿಲಿಳಿದು ನೀರು ಮುಟ್ಟಬಾರದು, ತಂದ ನೀರನ್ನು ಎರಡು ಪದರ ಬಟ್ಟೆಯಲ್ಲಿ ಸೋಸಿ ಕುಡಿಯಬೇಕು, ಅಷ್ಟೇ.

ಇದಕ್ಕಾಗಿ ನಾನು ಬರೆದ ಪೋಸ್ಟರಿನ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು. ಎಡಕ್ಕೆ ಸೂಕ್ಷ್ಮದರ್ಶಕದ ದುಂಡನೆಯ ಗಾಜಿನೊಳಗೆ ಸುರುಳಿಯಾದ ಬಿಳಿ ಹುಳು, ನಡುವೆ ಮೆಟ್ಟಿಲಿನ ಬಾವಿ, ಬಲಕ್ಕೆ ಹುಣ್ಣೆದ್ದ ಪಾದ. ಚಾವಡಿಯ ಗೋಡೆಗೆ ಹಚ್ಚಿ, ನೆರೆದವರಿಗೆ ಡಾಕ್ಟರು ಐದು ನಿಮಿಷ ವಿವರಿಸಿ, ನಾವು ಮುಂದಿನ ಊರಿಗೆ ಹೋದೆವು.

ಮೂರು ವಾರದ ಮೇಲೆ ಬಂದು ನೋಡಿದರೆ ಪೋಸ್ಟರಿಗೆ ಅರಿಷಿಣ ಕುಂಕುಮ ಹಚ್ಚಿದ್ದರು. ಕೆಳಗೆ ಕಾಯಿ ಒಡೆದ ಗುರುತು, ಒಂದು ಹಣತೆ. ನನಗೆ ಏನೂ ತಿಳಿಯದೆ ಗೌಡರಾದ ಚನ್ನಬಸಪ್ಪನವರನ್ನು ಕೇಳಿದೆ.

“ನೀವ ತಂದ ದೇವ್ರಲ್ರಿ?” ಎಂದು ಅವರೇ ನನ್ನನ್ನು ಕೇಳಿದರು. “ಪ್ರಭಾವಳಿ ಒಳಗ ನಾಗಪ್ಪ ಕುಂತಾನ. ನಡುವ ಅವನ ಬಾವಿ. ಈ ಕಡೆ ಅವನ ಪಾದ. ಬಾವ್ಯಾಗ ಇಳದು ಕಾಲು ತೊಳಕೊಂಡ ಬಂದು ಕೈ ಮುಗೀತಾರ್ರಿ ಮಂದಿ.”

ಗಾಜಿನ ದುಂಡು ಅವರ ಕಣ್ಣಿಗೆ ಪ್ರಭಾವಳಿ. ದೇಹವಿಲ್ಲದ ಪಾದವೊಂದೇ ಇದ್ದರೆ ಅದು ದೇವರದಲ್ಲದೆ ಇನ್ನಾರದು? ಬಾವಿಗೆ ಇಳಿಯಬೇಡಿ ಎಂದು ನಾನು ಬರೆದದ್ದು, ಇಳಿಯಿರಿ ಎಂದು ಹೇಳುತ್ತ ಮೂರು ವಾರ ಅಲ್ಲಿ ನಿಂತಿತ್ತು. ಕಿತ್ತುಹಾಕಲು ಕೈಯೆತ್ತಿದೆ. ಗೌಡರು ಅಡ್ಡ ಬಂದರು. “ಬ್ಯಾಡ್ರಿ, ಕೆಟ್ಟದ್ದಾಗ್ತೈತಿ.” ಚಿತ್ರ ಅಲ್ಲೇ ಉಳಿಯಿತು.

ಡಾಕ್ಟರ್ ಸಾಹೇಬರು ನನ್ನನ್ನು ನೋಡಿ, “ನಿಮಗ ಪೋಸ್ಟರ್ ಬರೀರಿ ಅಂದ್ರ ಗುಡಿ ಕಟ್ಟಿ ಬಿಟ್ರಲ್ಲ!” ಎಂದರು. ನಗಬೇಕೋ ಅಳಬೇಕೋ ತೋಚದೆ ಚಾವಡಿಯ ಎದುರಿನ ಕಟ್ಟೆಯ ಮೇಲೆ ಕುಳಿತೆ.

ಅಲ್ಲಿ ಒಬ್ಬ ಹೆಣ್ಣುಮಗಳು ಕೌದಿ ಹೊಲಿಯುತ್ತಿದ್ದಳು. ಹೆಸರು ಫಕೀರವ್ವ, ಐವತ್ತರ ಆಸುಪಾಸು. ಊರಿನ ಎಲ್ಲ ಮನೆಗಳ ಹಳೆ ಸೀರೆ, ಧೋತರ ಜೋಡಿಸಿ ಕೌದಿ ಮಾಡಿಕೊಡುವವಳು. ಈ ಸಲದ್ದು ಅವಳ ಮನೆಯದೇ ಕೆಲಸ, ಹುಟ್ಟಲಿರುವ ಮೊಮ್ಮಗುವಿಗೆ. ಮಗಳು ನೀಲವ್ವ ಆರು ತಿಂಗಳ ಬಸುರಿ. ಹಿರೇಕೆರೂರ ಕಡೆಯ ಗಂಡನ ಮನೆಯಿಂದ ಬಂದು ತವರಿನಲ್ಲಿದ್ದಳು. ಅವಳ ಕಾಲಿನ ಹರಡಿನಲ್ಲಿ ನಾರುಹುಣ್ಣು ಎದ್ದು ಹತ್ತು ದಿನವಾಗಿತ್ತು. ಎದ್ದು ನಿಲ್ಲಲಾರಳು.

“ಆ ಹುಳ ನೀರಾಗ ಹ್ಯಾಂಗ ಬರ್ತೈತ್ರಿ, ಸಾಹೇಬ್ರ?” ಎಂದಳು ಫಕೀರವ್ವ. ಊರಿನಲ್ಲಿ ಮೊದಲ ಸಲ ಒಬ್ಬರು ಕೇಳಿದ ಪ್ರಶ್ನೆ ಅದು. ನಾನು ಎಲ್ಲವನ್ನೂ ಹೇಳಿದೆ. ಅವಳು ಸೂಜಿ ನಿಲ್ಲಿಸದೆ ಕೇಳಿದಳು.

“ನನ್ನ ಚಿತ್ರದಾಗ ತಪ್ಪು ಏನೈತಿ, ಹೇಳು ಯವ್ವಾ,” ಎಂದೆ.

“ಚಿತ್ರ ಚಂದ ಐತ್ರಿ. ಆದ್ರ ಅದು ಗ್ವಾಡಿ ಮ್ಯಾಲೈತಿ, ನೀರು ಕೊಡದಾಗ ಐತಿ.”

ಮುಂದಿನ ವಾರ ಹೋದಾಗ ಅವಳು ನನ್ನ ಮುಂದೆ ಒಂದು ಬಟ್ಟೆ ಹಾಸಿದಳು. ಹಳೆ ಧೋತರದ ಎರಡು ಪದರ, ಕೊಡದ ಬಾಯಿಗೆ ಕಟ್ಟುವಷ್ಟು ಅಗಲ, ಮೇಲೆಲ್ಲ ಕೆಂಪು ನೂಲಿನ ಸಾಲು ಸಾಲು ಹೊಲಿಗೆ. ನಾನು ತಿರುಗಿಸಿ ಮುರುಗಿಸಿ ನೋಡಿದೆ. ಹುಳು ಎಲ್ಲೂ ಕಾಣಲಿಲ್ಲ.

“ಹುಳ ಎಲ್ಲೈತಿ?”

“ಹುಳ ಯಾಕ ಹೊಲೀಲ್ರಿ? ಹೊರಗ ಇಡೂದನ್ನ ಬಟ್ಟಿ ಮ್ಯಾಲ ಯಾಕ ತರೂದು? ಇದು ಒಡ್ಡು. ಹೊಲದಾಗ ಒಡ್ಡು ಹಾಕಿದ್ರ ಮಣ್ಣು ನಿಲ್ತೈತಿ, ನೀರು ಹೋಗ್ತೈತಿ.”

ತೋರಿಸಬೇಕಾದ ಹುಳುವನ್ನೇ ಬಿಟ್ಟು ಬೇರೆ ಏನನ್ನೋ ಹೊಲಿದು ಇದೇ ಅದು ಎನ್ನುವ ಈ ರೀತಿ ನನಗೆ ಹಿಡಿಸಲಿಲ್ಲ. ಆದರೆ ನೀಲವ್ವನ ಹಾಸಿಗೆಯ ಪಕ್ಕದ ಕೊಡಕ್ಕೆ ಆ ಬಟ್ಟೆ ಕಟ್ಟಿತ್ತು. ನೋಡಲು ಬಂದ ಹೆಂಗಸರು ನಮಗೂ ಬೇಕೆಂದು ಹಳೆ ಧೋತರ ತಂದು ಕೊಟ್ಟಿದ್ದರು. ಕೊಡಕ್ಕೂ ಕೌದಿ ಬಂತೆಂದು ಊರಲ್ಲಿ ಮಾತಾಗಿತ್ತು.

ಡಾಕ್ಟರ್ ಸಾಹೇಬರು ಒಂದು ಬಟ್ಟೆಯನ್ನು ಬೆಳಕಿಗೆ ಹಿಡಿದು ಹುಬ್ಬು ಗಂಟಿಕ್ಕಿದರು. ದಪ್ಪ ಸೂಜಿ ಹೋದಲ್ಲೆಲ್ಲ ತೂತು. ಸೈಕ್ಲೋಪ್ಸ್ ಆ ತೂತಿನಲ್ಲಿ ಇಳಿಯಬಹುದು! ಯಾವ ಕಸೂತಿಯಿಂದ ಜನ ಬಟ್ಟೆ ಒಪ್ಪಿದ್ದರೋ ಅದೇ ಕಸೂತಿ ಬಟ್ಟೆಯನ್ನು ಕೆಡಿಸಿತ್ತು. ಇದನ್ನು ಫಕೀರವ್ವನಿಗೆ ಹೇಳುವ ಕೆಲಸ ನನ್ನ ಮೇಲೆ ಬಿತ್ತು. ಮುಖ ಕೆಡಿಸಿಕೊಂಡಾಳು, ಇಡೀ ಕೆಲಸ ಬಿಟ್ಟಾಳು ಎಂದು ಅಂಜುತ್ತಲೇ ಹೇಳಿದೆ. ಅವಳು ಬಟ್ಟೆಯನ್ನು ತಾನೂ ಬಿಸಿಲಿಗೆ ಹಿಡಿದು ನೋಡಿದಳು.

“ಹಂಗಾರ ಒಡ್ಡು ಅಂಚಿಗೆ ಹಾಕ್ತೇನಿ. ನಡುವ ಬರೇ ಬಟ್ಟಿ ಇರ್ಲಿ,” ಎಂದಳು. ಕೊಟ್ಟಿದ್ದ ಎಲ್ಲ ಬಟ್ಟೆಗಳನ್ನು ಮನೆ ಮನೆಗೆ ಹೋಗಿ ತಿರುಗಿ ತಂದು, ಬೇರೆ ಧೋತರದ ತುಂಡುಗಳಿಗೆ ಅಂಚಷ್ಟೇ ಹೊಲಿದು ಕೊಟ್ಟಳು. ಹಗಲೆಲ್ಲ ಹೊಲಿದು ಅವಳ ಬೆರಳು ಬಾತಿದ್ದವು.

ನನ್ನ ವರದಿಗಾಗಿ ನಾನು ಐದು ಮನೆಗಳಲ್ಲಿ ಆ ಅಂಚಿನ ಅರ್ಥ ಕೇಳಿದೆ. ಒಬ್ಬಳು ಇರುವೆ ಸಾಲು ಎಂದಳು. ಇನ್ನೊಬ್ಬಳಿಗೆ ಅದು ತೊಟ್ಟಿಲ ಹಗ್ಗ. ಮತ್ತೊಬ್ಬಳು ನಾಗಪ್ಪ ಬರುವ ಹಾದಿ ಎಂದಳು. ಉಳಿದಿಬ್ಬರು ಚಂದಕ್ಕೆ ಎಂದು ನಕ್ಕರು. ಒಡ್ಡು ಎಂದವರಿಲ್ಲ, ಹುಳು ಎಂದವರಂತೂ ಇಲ್ಲವೇ ಇಲ್ಲ. ಐವರೂ ನೀರು ಸೋಸುತ್ತಿದ್ದರು. ವರದಿಯಲ್ಲಿ ಏನು ಬರೆಯಬೇಕೆಂದು ತಿಳಿಯದೆ ಎರಡು ದಿನ ಕಾಗದ ಮುಂದಿಟ್ಟುಕೊಂಡು ಕುಳಿತಿದ್ದೆ.

ನೀಲವ್ವನ ಕಾಲಿನ ಹುಳು ತಿಂಗಳಾದ ಮೇಲೆ ಪೂರ್ತಿ ಹೊರಬಂತು. ಕುಂಟು ಉಳಿಯಲಿಲ್ಲ. ಮಳೆಗಾಲದಲ್ಲಿ ಹೆಣ್ಣುಮಗು ಹೆತ್ತಳು. ಎರಡು ವರ್ಷದಲ್ಲಿ ಆ ಊರಲ್ಲಿ ರೋಗಿಗಳು ಬಹಳ ಕಡಿಮೆಯಾದರು. ನಮ್ಮ ಡಾಕ್ಟರು, ಬಟ್ಟೆಯ ಗುಣ ಎಂದರು. ಆದರೆ ಆ ಮಗು ಹುಟ್ಟಿದ ವರ್ಷದ ಚಳಿಗಾಲದಲ್ಲೇ ಗೌಡರು ಬಾವಿಯ ಮೆಟ್ಟಿಲಿಗೆ ಕಲ್ಲು ಮುಚ್ಚಿಸಿ ರಾಟೆ ಹಾಕಿಸಿದ್ದರು. ಯಾಕೆ ಹಾಕಿಸಿದಿರಿ ಎಂದು ಕೇಳಿದೆ. “ದೇವರ ಬಾವ್ಯಾಗ ಮಂದಿ ಕಾಲು ಇಡಬಾರ್ದಲ್ರಿ,” ಎಂದರು. ಹಾಗಾದರೆ ಊರನ್ನು ಉಳಿಸಿದ್ದು ನನ್ನ ತಪ್ಪು ಚಿತ್ರವೋ, ಫಕೀರವ್ವನ ಒಡ್ಡೋ? ಇಂದಿಗೂ ನನಗೆ ಬಗೆಹರಿದಿಲ್ಲ.

೧೯೪೬ರಲ್ಲಿ ಸಿಡುಬಿನ ಕೆಲಸಕ್ಕೆಂದು ಹಿರೇಕೆರೂರ ಕಡೆ ಹೋದಾಗ ನೀಲವ್ವನ ಗಂಡನ ಊರು ದಾರಿಯಲ್ಲಿ ಸಿಕ್ಕಿತು. ಫಕೀರವ್ವ ಅಷ್ಟರಲ್ಲಿ ತೀರಿಕೊಂಡಿದ್ದಳು. ಆ ಊರಿಗೆ ನಮ್ಮ ಖಾತೆಯವರು ನಾರುಹುಣ್ಣಿನ ಮಾತು ಒಯ್ದವರೇ ಅಲ್ಲ. ಆದರೂ ಹೆಂಗಸರ ಕೊಡಗಳ ಮೇಲೆ ಕೆಂಪು ಅಂಚಿನ ಬಟ್ಟೆ ಕಟ್ಟಿತ್ತು. ನನ್ನ ಗುರುತಿಲ್ಲದ ಒಬ್ಬ ಮುದುಕಿಯನ್ನು ನಿಲ್ಲಿಸಿ, ಇದು ಯಾಕೆಂದು ಕೇಳಿದೆ. ಅವಳು ನನ್ನನ್ನು ತಿಳಿಗೇಡಿಯೆಂಬಂತೆ ನೋಡಿದಳು.

“ಸೆರಗಿಲ್ದ ಗಂಗವ್ವನ್ನ ಮನಿ ಒಳಗ ಹ್ಯಾಂಗ ಕರಕೊಂಡ ಬರೂದ್ರಿ?”

ಇಪ್ಪತ್ತೇಳು ವರ್ಷದ ನೌಕರಿಯಲ್ಲಿ ನಾನು ಕಲಿತದ್ದು ಇಷ್ಟೇ. ಬಣ್ಣದಲ್ಲಿ ಬರೆದವನ ಅರ್ಥ, ನೂಲಿನಲ್ಲಿ ಹೊಲಿದವಳ ಅರ್ಥ, ಕೈಗೆತ್ತಿಕೊಂಡವರ ಅರ್ಥ ಬೇರೆ ಬೇರೆ ಇರುತ್ತವೆ. ಅವುಗಳಲ್ಲಿ ನನ್ನದೇ ನಿಜವೆಂದು ಹಟ ಹಿಡಿಯುವ ಹಕ್ಕು ನನಗಿಲ್ಲ. ಹಿರೇಕೆರೂರಿನಿಂದ ಬಂದಂದಿನಿಂದ ಯಾವ ಚಿತ್ರವನ್ನಾದರೂ ಗೋಡೆಗೆ ಹಚ್ಚುವ ಮೊದಲು ಊರ ನಡುವೆ ಅದನ್ನು ಬಿಚ್ಚಿಟ್ಟು, ನಾನೇನೂ ಹೇಳದೆ, “ಇದರಾಗ ನಿಮಗೇನ ಕಾಣತೈತಿ?” ಎಂದು ಕೇಳಿ, ಉತ್ತರ ಬರುವವರೆಗೆ ಬಾಯಿ ಮುಚ್ಚಿಕೊಂಡು ಕೂಡುತ್ತಿದ್ದೆ.