ಇಪ್ಪತ್ತೆಂಟು ದೇಶಗಳ ರಾಯಭಾರಿಯ ಜೊತೆ ಲೀಡ್ಸಿಗೆ

ಬರ್ಮಿಂಗ್‌ಹ್ಯಾಮಿನ ಸೆಲ್ಲಿ ಓಕ್ ಬಿಟ್ಟಾಗ ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. 2017ರ ಅಕ್ಟೋಬರ್ ಅದು. ಹಿಂದಿನ ಸೀಟಿನಲ್ಲಿದ್ದ ಬೆಳ್ಳಿಕೂದಲಿನ ಮೇಡಂ, ಯುರೋಪಿನ ಇಪ್ಪತ್ತೆಂಟು ದೇಶಗಳ ಒಕ್ಕೂಟದ ಪರವಾಗಿ ದೆಹಲಿಯಲ್ಲಿ ರಾಯಭಾರಿಯಾಗಿದ್ದು ನಿವೃತ್ತರಾದವರು. ಬ್ರಿಟನ್ ಒಕ್ಕೂಟ ಬಿಡುವುದೆಂದು ಮತ ಹಾಕಿದ ಮೇಲೆ ಅವರನ್ನು ಊರೂರಿಗೆ ಭಾಷಣಕ್ಕೆ ಕರೆಯುತ್ತಿದ್ದರು. ಮಧ್ಯಾಹ್ನ ಮ್ಯಾಂಚೆಸ್ಟರ್, ಸಂಜೆ ಲೀಡ್ಸ್. ನಾನು ದಾವಣಗೆರೆಯವನು, ಏಳನೇ ಕ್ಲಾಸಿನವರೆಗೆ ಓದಿದವನು. ಹೆಂಡತಿಯ ನರ್ಸ್ ಕೆಲಸದ ಬೆನ್ನಿಗೆ ಇಲ್ಲಿಗೆ ಬಂದು ಟ್ಯಾಕ್ಸಿ ಓಡಿಸುತ್ತೇನೆ. ದಿನದ ಬಾಡಿಗೆ ಇನ್ನೂರೈವತ್ತು ಪೌಂಡು.

ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಹೆಂಡತಿ ಕಟ್ಟಿಕೊಟ್ಟಿದ್ದ ಒಗ್ಗರಣೆ ಮಂಡಕ್ಕಿಯನ್ನು ಮೇಡಂ ಮುಷ್ಟಿಗಟ್ಟಲೆ ತಿಂದರು.

"ದೆಹಲಿಯಲ್ಲಿ ನನಗೆ ಇದನ್ನು ಯಾರೂ ಕೊಡಲೇ ಇಲ್ಲ!"

"ಅಷ್ಟು ದೇಶಗಳ ಪರವಾಗಿ ಹೇಗೆ ಮಾತಾಡ್ತಿದ್ರಿ ಮೇಡಂ? ನಮ್ಮನೇಲಿ ಮೂರು ಜನ ಒಪ್ಪೋದೇ ಕಷ್ಟ" ಎಂದೆ.

"ಮಾತಾಡಿದ್ದಕ್ಕಿಂತ ಸುಮ್ಮನೆ ಕೂತಿದ್ದೇ ಹೆಚ್ಚು. ಒಂದು ದೇಶ ಒಪ್ಪದಿದ್ದರೂ ನನ್ನ ಬಾಯಿಗೆ ಬೀಗ" ಎಂದು ನಕ್ಕರು.

"ನಿಮ್ಮ ಮಾತನ್ನೇ ಎಲ್ಲರ ಮಾತು ಅಂತ ಒಮ್ಮೆಯೂ ಹೇಳಿಲ್ವಾ?"

ಅವರು ನಗು ನಿಲ್ಲಿಸಿದರು. "ಹಾಗೆ ಹೇಳಿದರೆ ಎದುರಿಗಿದ್ದವರು ಎಲ್ಲ ಬಾಗಿಲೂ ಮುಚ್ಚಿದವು ಅಂದುಕೊಳ್ಳುತ್ತಾರೆ. ನನಗೆ ಅಷ್ಟು ಧೈರ್ಯ ಇರಲಿಲ್ಲ."

ನನಗೆ ಇತ್ತು. ಮ್ಯಾಂಚೆಸ್ಟರಿನ ದಾರಿಯಲ್ಲಿ ಬರ್ಚ್‌ವುಡ್ ಎಂಬ ಬೋರ್ಡು ಮಂಜಿನೊಳಗಿಂದ ತೇಲಿ ಬಂದಾಗ ನಾನು ಕಣ್ಣು ತಿರುಗಿಸಿದೆ. ತಮ್ಮ ನಾಸಿರ್ ಅಲ್ಲಿ ಎಂಜಿನಿಯರ್. ಆರು ವರ್ಷದ ಹಿಂದೆ, ಜೊತೆಗೆ ಕೆಲಸ ಮಾಡುವ ಪೋಲೆಂಡಿನ ಹುಡುಗಿಯನ್ನು ಮದುವೆಯಾಗುತ್ತೇನೆ ಎಂದ. ನನಗೆ ಹಿಡಿಸಲಿಲ್ಲ. ಏಳನೇ ಕ್ಲಾಸಿನವನ ಮಾತಿಗೆ ಎಂಜಿನಿಯರ್ ಬಗ್ಗುತ್ತಾನೆಯೇ? "ಆಪಾನೂ ಬೇಡ ಅಂತಾಳೆ. ಮನೆಯವರೆಲ್ಲ ಹಾಗೇ ಅಂತಾರೆ. ಅವಳನ್ನು ಕಟ್ಟಿಕೊಂಡರೆ ಊರಿನ ಕಡೆ ಬರಬೇಡ" ಎಂದುಬಿಟ್ಟೆ. ಆಪಾ, ನಮ್ಮನ್ನು ಸಾಕಿದ ಅಕ್ಕ, ದಾವಣಗೆರೆಯಲ್ಲೇ ಇದ್ದಳು. ಅವಳನ್ನು ನಾನು ಕೇಳಿರಲೇ ಇಲ್ಲ. ನಾಸಿರ್ ಮದುವೆಯಾದ, ಫೋನ್ ನಂಬರ್ ಬದಲಿಸಿದ. ಅವನೇಕೆ ಮಾತಾಡುವುದಿಲ್ಲ ಎಂದು ಆಪಾ ಕೇಳಿದಾಗಲೆಲ್ಲ "ದೊಡ್ಡ ಮನುಷ್ಯ ಆಗಿದ್ದಾನೆ" ಎನ್ನುತ್ತಿದ್ದೆ.

ಮ್ಯಾಂಚೆಸ್ಟರ್ ದಾಟಿದ ಮೇಲೆ ರಸ್ತೆ ಬೋಳು ಗುಡ್ಡಗಳನ್ನು ಹತ್ತಿತು. ಮರವೇ ಇಲ್ಲ, ಕಂದು ಹುಲ್ಲು, ಕುರಿಗಳು, ಕೈಗೆಟಕುವಂಥ ಮೋಡ. ಒಂದೆಡೆ ಹೆದ್ದಾರಿ ಎರಡಾಗಿ ಸೀಳಿಕೊಂಡು, ನಡುವೆ ಒಂದೇ ಒಂದು ಮನೆ ನಿಂತಿತ್ತು. ಆಚೆಗೊಂದು ಲೋಕ, ಈಚೆಗೊಂದು ಲೋಕ ಹರಿದು ಹೋಗುತ್ತಿರುವಂತೆ. ಮೇಡಂ ನಿದ್ದೆ ಹೋಗಿದ್ದರು. ನಾನೂ ನಿದ್ದೆಯಲ್ಲೇ ಓಡಿಸಿದಂತಿತ್ತು.

ಲೀಡ್ಸಿನಲ್ಲಿ ಅವರನ್ನು ಇಳಿಸಿದೆ. ಬರ್ಮಿಂಗ್‌ಹ್ಯಾಮಿಗೆ ಹತ್ತಿರದ ದಾರಿ ಬೇರೆಯಿತ್ತು. ಆದರೂ ಬಂದ ದಾರಿಗೇ ಹೊರಳಿದೆ.

ಬರ್ಚ್‌ವುಡ್ಡಿನಲ್ಲಿ ನಾಸಿರ್ ಹಳೆಯ ಮನೆಯಲ್ಲೇ ಇದ್ದ, ಬಾಗಿಲು ತೆಗೆದ. ಒಳಗೆ ಬಾ ಎನ್ನಲಿಲ್ಲ. "ಏನು ಭಾಯಿ, ಈ ಸಲ ಯಾರ ಪರವಾಗಿ ಬಂದೆ?"

"ಅವತ್ತು ಎಲ್ಲರೂ ಅಂದದ್ದಲ್ಲ. ನಾನೊಬ್ಬನೇ ಅಂದದ್ದು."

"ಆಪಾ?"

"ಅವಳಿಗೆ ಗೊತ್ತೇ ಇಲ್ಲ."

ಅವನು ಬಾಗಿಲ ಚೌಕಟ್ಟು ಹಿಡಿದು ನಿಂತ. "ಈದಿಗೆ ಆಪಾಗೆ ಮಾಡೋಣ ಅಂತ ಫೋನ್ ಕೈಗೆತ್ತಿಕೊಂಡು ಇಟ್ಟುಬಿಡ್ತಿದ್ದೆ. ಪ್ರತಿ ಈದಿಗೂ" ಎಂದು ಒಳಗೆ ಹೋದ.

ನಾನು ಕಾರಿನಲ್ಲಿ ಕೂತೆ. ಕಿಟಕಿಯ ಹಳದಿ ಬೆಳಕಿನಲ್ಲಿ ಅವನು ಫೋನ್ ಹಿಡಿದು ಮುಖ ಒರೆಸಿಕೊಳ್ಳುತ್ತಿದ್ದ. ಅವನ ಹೆಂಡತಿ ಪಕ್ಕದಲ್ಲಿ ನಿಂತು ಬೆನ್ನು ಸವರುತ್ತಿದ್ದಳು. ಬಹಳ ಹೊತ್ತಿನ ಮೇಲೆ ಹೊರಗೆ ಬಂದು, ನನ್ನ ಮುಖ ನೋಡದೆ ಫೋನ್ ಚಾಚಿದ.

"ಏನೋ," ಎಂದಳು ಆಪಾ. ಅತ್ತ ದನಿ. "ನನ್ನ ಬಾಯಲ್ಲಿ ನೀನು ಮಾತಾಡಿದ್ದು ಸಾಕು. ಈಗ ನಿನ್ನ ಮಾತು ಹೇಳು."

ನನ್ನ ಹತ್ತಿರ ಇದ್ದದ್ದು ಒಂದೇ ಮಾತು. "ತಪ್ಪಾಯ್ತು ಆಪಾ" ಎಂದೆ. ನಾಸಿರ್ ಫೋನ್ ತೆಗೆದುಕೊಂಡು ಒಳಗೆ ಹೋದ. ಕಾರು ತಿರುಗಿಸುವಾಗ ಕನ್ನಡಿಯಲ್ಲಿ ನೋಡಿದೆ. ಅವನು ಬಾಗಿಲು ಮುಚ್ಚಿರಲಿಲ್ಲ.