ಮರುಭೂಮಿಯ ಟ್ಯಾಂಕಿಗೆ ಮಂಗಳೂರಿನ ತುಕ್ಕು

ಹುಚ್ಚು ಹಿಡಿದರೆ ನನಗೆ ಊಟ ನಿದ್ದೆ ಬೇಡ. ವಾಮಂಜೂರಿನ ನಮ್ಮ ಮನೆಯಲ್ಲಿ ನಾನು ಆರ್ಡರಿನ ಮೇಲೆ ಕೇಕ್ ಮಾಡಿಕೊಡುವವಳು. ಮದುವೆಯದ್ದಾಗಲಿ, ಮಕ್ಕಳ ಮೊದಲ ಕಮ್ಯುನಿಯನ್ನಿನದ್ದಾಗಲಿ, ಸೈ. ಅಂಥ ನನ್ನ ಅಡುಗೆಮನೆಯ ಮೇಜಿನ ಮೇಲೆ ಕಳೆದ ಮಳೆಗಾಲದಲ್ಲಿ ಒಂದು ಯುದ್ಧದ ಟ್ಯಾಂಕ್ ಬಂದು ಕೂತಿತು. ಟ್ಯಾಂಕ್ ಎಂದರೆ ಬಿಡಿ ಭಾಗಗಳ ಪ್ಲಾಸ್ಟಿಕ್ ಕಿಟ್. ಜೋಡಿಸಿದರೆ ಎರಡು ಅಂಗೈಯಲ್ಲಿ ಹಿಡಿಯುವಷ್ಟು. ದುಬೈಯಲ್ಲಿ ಕೆಲಸದಲ್ಲಿರುವ ಗಂಡ ರಜೆಗೆ ಬರುವಾಗ, ನಾನು ಫೋನಿನಲ್ಲಿ ಕಾಡಿ ಬೇಡಿ ತರಿಸಿಕೊಂಡದ್ದು.

ಅದು ಮಾವನಿಗಾಗಿ. ನಮ್ಮ ಜೊತೆಯಲ್ಲೇ ಇರುವ ಮಾವ ಸೈನ್ಯದಲ್ಲಿ ಟ್ಯಾಂಕಿನ ಡ್ರೈವರ್ ಆಗಿದ್ದವರು. ರಾಜಸ್ಥಾನದ ಮರಳಿನಲ್ಲಿ ವರ್ಷಗಟ್ಟಲೆ ಓಡಿಸಿದ ಗಾಡಿಯ ಒಂದೇ ಒಂದು ಫೋಟೋ ಅವರಲ್ಲಿತ್ತು. ಮನೆಯ ಹಾಲ್‌ನಲ್ಲಿ, ನಾವು ಪ್ರಾರ್ಥನೆಗೆ ಕೂರುವ ಅಲ್ತಾರಿನ ಪಕ್ಕದ ಗೋಡೆಗೆ ನೇತು ಹಾಕಿದ್ದರು. ನಮ್ಮೂರಿನ ಮಳೆಯ ಥಂಡಿಗೆ ಅದು ಗಾಜಿಗೆ ಅಂಟಿ, ಬೂಸಲು ಹಿಡಿದು, ಕೊನೆಗೆ ಅದರಲ್ಲಿ ಟ್ಯಾಂಕೂ ಕಾಣದು, ಮುಂದೆ ನಿಂತ ಮಾವನೂ ಕಾಣರು ಎಂಬಂತಾಯಿತು.

"ಗಾಡಿಯೇ ಗುಜರಿಗೆ ಹೋಗಿರ್ತದೆ. ಇನ್ನು ಫೋಟೋ ಇಟ್ಟು ಎಂತ ಮಾಡುವುದು?" ಎಂದು ಮಾವ ಅದನ್ನು ತೆಗೆದುಬಿಟ್ಟರು. ಮೊಳೆ ಮಾತ್ರ ಉಳಿಯಿತು. ದಿನಾ ಬೆಳಿಗ್ಗೆ ಕಾಫಿ ಕುಡಿಯುತ್ತಾ ಅವರು ಆ ಖಾಲಿ ಮೊಳೆಯನ್ನೇ ನೋಡುತ್ತಿದ್ದರು. ಹೇಗಾದರೂ ಮಾಡಿ ಅವರಿಗೆ ಆ ಗಾಡಿಯನ್ನು ಮತ್ತೆ ಕೊಡಬೇಕು, ಅವರ ಬಾಯಿಂದಲೇ "ಇದು ನನ್ನ ಗಾಡಿ" ಎಂದು ಹೇಳಿಸಬೇಕು ಎಂದು ಹಟ ಹುಟ್ಟಿತು. ಸುಲಭದ ಕೆಲಸವಲ್ಲ. ಊರೆಲ್ಲ ಹೊಗಳುವ ನನ್ನ ಕೇಕನ್ನು ತಿಂದು "ಆಗಬಹುದು" ಎನ್ನುವ ಆಸಾಮಿ ಅವರು.

ಕಟ್ಟುವ ಕೆಲಸದ ಖುಷಿಯನ್ನು ಏನೆಂದು ಹೇಳಲಿ! ಹುಬ್ಬು ಕೀಳುವ ಚಿಮಟದಲ್ಲಿ ಅಕ್ಕಿಕಾಳಿನಷ್ಟು ಚಿಕ್ಕ ಕೊಕ್ಕೆಗಳನ್ನು ಹಿಡಿದು ಅಂಟಿಸಿದೆ. ಒಂದು ಕೊಕ್ಕೆ ಚಿಮ್ಮಿ ಫ್ರಿಜ್ಜಿನ ಅಡಿಗೆ ಹೋಯಿತು. ನೆಲಕ್ಕೆ ಕೆನ್ನೆ ಒತ್ತಿ ಟಾರ್ಚ್ ಬಿಟ್ಟು ಹುಡುಕಿ, ಸಿಕ್ಕಾಗ ಕಿರುಚಿದ ಸದ್ದಿಗೆ ಪಕ್ಕದ ಮನೆಯವರು ಹಾವು ಬಂತೆಂದು ಓಡಿಬಂದರು. ಚಕ್ರಗಳಿಗೆ ಚೈನು ಸುತ್ತಿದ ದಿನ ಅದನ್ನು ಮೇಜಿನ ಮೇಲೆ ಓಡಿಸಿಯೂ ನೋಡಿದೆ. ಬಾಯಲ್ಲಿ ಇಂಜಿನ್ನಿನ ಸದ್ದೂ ಮಾಡಿದೆನೆಂದು ಕಾಣುತ್ತದೆ. ಕೇಕಿಗೆ ಬಣ್ಣ ಊದುವ ಪುಟ್ಟ ಸ್ಪ್ರೇ ಗನ್ನು ನನ್ನಲ್ಲಿ ಎರಡಿದ್ದವು. ಹಳೆಯದನ್ನು ಟ್ಯಾಂಕಿಗೇ ಬಿಟ್ಟುಕೊಟ್ಟೆ. ಗಿರಾಕಿಗಳು ಹೆದರುವುದು ಬೇಡ. ಬೂದು ಪ್ಲಾಸ್ಟಿಕ್ಕಿನ ಮೇಲೆ ಮೊದಲ ಹಸಿರು ಮಂಜಿನ ಹಾಗೆ ಕೂತಾಗ ನನಗೆ ಮೈ ಜುಮ್ಮೆಂದಿತು.

ಆದರೆ ಹೊಸ ಬಣ್ಣದ ಟ್ಯಾಂಕ್ ಆಟದ ಸಾಮಾನಿನಂತೆ ಕಾಣುತ್ತದೆ. ಅದು ದುಡಿದ ಗಾಡಿ ಎನ್ನಿಸಬೇಕಾದರೆ ಚೆನ್ನಾಗಿ ಕೊಳಕು ಮಾಡಬೇಕು. ಅದನ್ನು ಕಲಿಯಲು, ಲಾರಿಗಳೆಲ್ಲ ಸಿಕ್ಕಿಬೀಳುವ ನಂತೂರಿನ ಸರ್ಕಲ್ಲಿಗಿಂತ ಒಳ್ಳೆಯ ಶಾಲೆ ಉಂಟೇ? ಕೇಕ್ ಮುಟ್ಟಿಸಲು ಸ್ಕೂಟರಿನಲ್ಲಿ ಹೋಗುವಾಗ ಅಲ್ಲಿ ನಿಲ್ಲುವುದು ಹೇಗೂ ತಪ್ಪದು. ಮುಂಚೆ ಬೈಯುತ್ತಾ ನಿಲ್ಲುತ್ತಿದ್ದವಳು ಈಗ ಕಣ್ಣರಳಿಸಿ ನಿಲ್ಲತೊಡಗಿದೆ. ಚಕ್ರದ ಹಿಂದೆ ಕೆಸರು ಎಷ್ಟು ಎತ್ತರಕ್ಕೆ ಹಾರುತ್ತದೆ, ಹೊಗೆಯ ಕೊಳವೆಯ ಸುತ್ತ ಮಸಿ ಹೇಗೆ ಹಬ್ಬುತ್ತದೆ, ಬೋಲ್ಟಿನಿಂದ ತುಕ್ಕು ಹೇಗೆ ಕಣ್ಣೀರಿನ ಹಾಗೆ ಇಳಿಯುತ್ತದೆ! ಒಂದೊಂದು ಲಾರಿಯೂ ನನಗೆ ಪಾಠ ಹೇಳಿತು. ಹಿಂದಿನವರು ಹಾರ್ನ್ ಹೊಡೆದರೂ ನಾನು ಕದಲುತ್ತಿರಲಿಲ್ಲ.

ಮನೆಗೆ ಬಂದು ಅಂಗಳದ ಕೆಂಪು ಮಣ್ಣನ್ನು ಒಣಗಿಸಿ, ಕುಟ್ಟಿ, ಐಸಿಂಗ್ ಸಕ್ಕರೆಯ ಜರಡಿಯಲ್ಲಿ ಜರಡಿ ಹಿಡಿದೆ. ಚಕ್ರಗಳಿಗೆಲ್ಲ ಮೆತ್ತಿದೆ. ತುಕ್ಕು ಹಿಡಿದ ನಮ್ಮ ಗೇಟನ್ನೇ ನೋಡಿಕೊಂಡು ಬಾಗಿಲು, ಬೋಲ್ಟು, ಕೊಕ್ಕೆ ಎಲ್ಲದರಿಂದ ಕಿತ್ತಳೆ ಬಣ್ಣದಲ್ಲಿ ತುಕ್ಕು ಇಳಿಸಿದೆ. ಮುಗಿದಾಗ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಮಾವ ಕನ್ನಡಕ ಹಾಕಿ ಸುತ್ತ ತಿರುಗಿಸಿ ನೋಡಿದರು. "ಚೆಂದ ಉಂಟು. ಯಾರ ಗಾಡಿ?"

"ನಿಮ್ಮದೇ ಪಪ್ಪಾ!"

"ನನ್ನದಲ್ಲ" ಎಂದು ಕೆಳಗಿಟ್ಟರು. "ಇದು ಪಣಂಬೂರಿನ ಕಡಲಲ್ಲಿ ಮುಳುಗಿ ಎದ್ದ ಗಾಡಿ."

ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಪಾತ್ರೆಗಳ ಸದ್ದಿನಲ್ಲೇ ಅದು ಮನೆಯವರಿಗೆಲ್ಲ ತಿಳಿಯಿತು. ಕಣ್ಣಲ್ಲಿ ನೀರೂ ಬಂದಿತ್ತು, ಅದು ಮಾತ್ರ ಯಾರಿಗೂ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಮಾವ ಟ್ಯಾಂಕ್ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದರು.

"ಮಾರಾಯ್ತಿ, ನೀನು ಹುಟ್ಟಿ ಬೆಳೆದದ್ದು ಸುರತ್ಕಲ್ಲಿನ ಕಡಲ ಬದಿ ಅಲ್ಲವಾ? ಕಬ್ಬಿಣ ಅಂದರೆ ತುಕ್ಕು, ಮಣ್ಣು ಅಂದರೆ ಕೆಂಪು ಅಂತಲೇ ನಿನ್ನ ಲೆಕ್ಕ. ರಾಜಸ್ಥಾನದಲ್ಲಿ ಮಳೆ ಎಲ್ಲುಂಟು, ಉಪ್ಪುಗಾಳಿ ಎಲ್ಲುಂಟು? ಚೈನು ಮರಳಲ್ಲಿ ಉಜ್ಜಿ ಉಜ್ಜಿ ಪಳಪಳ ಹೊಳೀತಿತ್ತು. ಧೂಳು ಅಂದರೆ ಬಿಳಿ ಧೂಳು. ಮೂಗಲ್ಲಿ, ಚಪಾತಿಯಲ್ಲಿ, ಎಲ್ಲದರಲ್ಲಿ."

ಅಷ್ಟು ಉದ್ದದ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಕೋಪ ಎಲ್ಲಿ ಹೋಯಿತೋ! "ಬಿಳಿ ಅಂದರೆ ಎಂಥ ಬಿಳಿ ಪಪ್ಪಾ?" ಎಂದು ಡಬ್ಬಿಗಳನ್ನೆಲ್ಲ ಎಳೆದೆ. ಮೈದಾ ತೋರಿಸಿದರೆ ಅಲ್ಲ ಎಂದರು. ರವೆಯೂ ಅಲ್ಲ. ಗೋಧಿ ಹಿಟ್ಟನ್ನು ಬೆರಳಲ್ಲಿ ಮುಟ್ಟಿ, "ಇದರ ಹತ್ತಿರ ಬರ್ತದೆ. ಇನ್ನೂ ಸ್ವಲ್ಪ ಬೆಂದದ್ದು" ಎಂದರು. ಬಾಣಲೆ ಇಟ್ಟು ಹುರಿಯತೊಡಗಿದೆ. ಮಾವ ಪಕ್ಕದಲ್ಲಿ ನಿಂತು "ಇನ್ನೂ... ಇನ್ನೂ..." ಎನ್ನುತ್ತಾ ಇದ್ದವರು ಒಮ್ಮೆಲೇ "ಸ್ಟಾಪ್!" ಎಂದು ಕೂಗಿದರು. ಮರಳುಗಾಡಿನ ಬಣ್ಣ ನಮ್ಮ ಬಾಣಲೆಯಲ್ಲಿತ್ತು. ಇಬ್ಬರೂ ಮಕ್ಕಳಂತೆ ನಕ್ಕೆವು.

ಹಿಟ್ಟನ್ನೇ ಬಳಿದರೆ ಇರುವೆ ಬಾರದೇ ಬಿಟ್ಟೀತೇ? ಅದನ್ನು ಎದುರಿಗಿಟ್ಟು, ಚಾಕ್‌ಪೀಸಿನ ಪುಡಿಗೆ ಹಳದಿ, ಕಂದು ಬಣ್ಣದ ಪುಡಿ ಬೆರೆಸಿ ಅದೇ ಬಣ್ಣ ತಂದೆ. ಹಸಿರಿನ ಮೇಲೆ ಮೊದಲೇ ವಾರ್ನಿಷ್ ಹೊಡೆದದ್ದು ನನ್ನ ಪುಣ್ಯ. ಟರ್ಪೆಂಟೈನಿನಲ್ಲಿ ಅದ್ದಿದ ಹತ್ತಿಗೆ ಮಂಗಳೂರಿನ ಕೆಂಪು ಮಣ್ಣು, ತುಕ್ಕು ಎಲ್ಲ ಬಿಟ್ಟುಬಂತು. ಈ ಸಲ ಹೊಸ ಧೂಳು ಮೆತ್ತುವಾಗ ಮಾವ ಪಕ್ಕದಲ್ಲೇ ಕೂತು ಬೆರಳು ತೋರಿಸಿದರು. ಇಲ್ಲಿ ಬೂಟು ಉಜ್ಜುತ್ತಿತ್ತು, ಬಣ್ಣ ಹೋಗಿರಲಿ. ಇಲ್ಲಿ ಡೀಸೆಲ್ ಚೆಲ್ಲುತ್ತಿತ್ತು, ಕಪ್ಪಿರಲಿ. ಮುಂದೆ ಎಡಗಡೆ ಡ್ರೈವರಿನ ಪುಟ್ಟ ಮುಚ್ಚಳಕ್ಕೆ ಬಂದಾಗ ಅವರ ಬೆರಳು ನಿಂತಿತು.

"ಇದು ತೆರೀತದಾ?"

"ಇನ್ನೂ ಅಂಟಿಸಲಿಲ್ಲ."

ಮಾವ ಎದ್ದು ಹಾಲ್‌ಗೆ ಹೋದರು. ಅಲ್ತಾರಿನ ಶಿಲುಬೆಯ ಹಿಂದೆ, ಈಸ್ಟರಿನ ಮುಂಚಿನ ಗರಿಗಳ ಭಾನುವಾರ ಇಗರ್ಜಿಯಲ್ಲಿ ಪಾದ್ರಿಗಳು ಆಶೀರ್ವದಿಸಿ ಕೊಟ್ಟ ತೆಂಗಿನ ಗರಿ ಇತ್ತು. ಅದರ ತುದಿಯನ್ನು ಉಗುರಿನಷ್ಟು ಚಿವುಟಿ ತಂದರು.

"ರಜೆ ಮುಗಿಸಿ ಹೊರಡುವಾಗ ಪ್ರತಿ ಸಲ ಅಮ್ಮ ಒಂದು ಚೂರು ಕೊಡ್ತಿದ್ದರು. ನನ್ನ ಸೀಟಿನ ಹಿಂದೆ ಸಿಕ್ಕಿಸಿಡ್ತಿದ್ದೆ. ಆ ಫೋಟೋದಲ್ಲಿ ಅದೆಲ್ಲ ಎಲ್ಲಿ ಕಾಣ್ತಿತ್ತು?"

ಗರಿಯ ಚೂರನ್ನು ಒಳಗೆ ಬಿಟ್ಟು, ಮುಚ್ಚಳ ಮುಚ್ಚಿದರು. "ಈಗ ಗಮ್ ಹಾಕು ಮಗಳೇ. ಇನ್ನು ತೆರೆಯುವುದು ಬೇಡ."

ಗಮ್ ಹಾಕಿದೆ. "ಪಪ್ಪಾ, ಯಾರ ಗಾಡಿ ಇದು?"

"ಕೇಳುವುದೆಂತ? ನನ್ನದೇ."

ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಅಲ್ತಾರಿನ ಪಕ್ಕದ ಸ್ಟೂಲಿನ ಮೇಲೆ ಇಟ್ಟರು. ಆಮೇಲೆ ಸುತ್ತಿಗೆ ಹುಡುಕಿ ತಂದು, ಗೋಡೆಯ ಆ ಮೊಳೆಯನ್ನು ತಾವೇ ಕಿತ್ತು ತೆಗೆದರು.